ಲರ್ಲೀನ್ ಮಗಳಿಗೆ ಶಾಲೆ ಹುಡುಕಿದ್ದು

ನ್ಯೂ ಆರ್ಲಿಯನ್ಸಿನ ಜೆಂಟಿಲಿ ಬಡಾವಣೆಯಲ್ಲಿ ಯಾರ ಮನೆಯ ಗಂಬೋ ಸಾರು ನೀರಾಗಿತ್ತು, ಯಾರ ಮದುವೆಗೆ ಬ್ಯಾಂಡಿನವರು ಕುಡಿದು ಬಂದಿದ್ದರು, ಯಾವ ಪಾದ್ರಿಯ ಪ್ರಸಂಗಕ್ಕೆ ಆರಂಭ ಮಾತ್ರ ಇದ್ದು ಮುಗಿತಾಯವೇ ಇರಲಿಲ್ಲ ಎಂಬಂಥ ವಿಷಯಗಳಲ್ಲಿ ಕೊನೆಯ ಮಾತು ಲರ್ಲೀನ್ ಗಿಲ್ಲೋರಿಯದು. ಯಾರೂ ಅವಳನ್ನು ಆ ಪೀಠದಲ್ಲಿ ಕೂರಿಸಿರಲಿಲ್ಲ. ತಾನೇ ಕೂತಿದ್ದಳು, ಕೂತ ಮೇಲೆ ಏಳಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಹೊಸ ಹೋಟೆಲು ತೆರೆದರೆ ಜನ ಮೊದಲು ಲರ್ಲೀನಳನ್ನು ಕೇಳುತ್ತಿದ್ದರು. ಅವಳು ಮೂಗನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದರೆ ಸಾಕು, ಆ ಹೋಟೆಲಿನ ಹಣೆಬರಹ ಮುಗಿದ ಹಾಗೆ.

ಹೊಟ್ಟೆಪಾಡಿಗೆ ಅವಳು ಮನೆಗಳ ಚಾವಣಿ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಫೋನ್ ಎತ್ತುತ್ತಿದ್ದಳು. ಬಿರುಗಾಳಿ ಬಂದು ಹೋದ ಮಾರನೆಯ ದಿನದಿಂದ ಊರಿನ ಅರ್ಧ ಜನ ಆ ಫೋನಿನ ಇನ್ನೊಂದು ತುದಿಯಲ್ಲಿ ಅಳುತ್ತಿದ್ದರು, ಇಲ್ಲವೇ ಬೈಯುತ್ತಿದ್ದರು. ಇಬ್ಬರಿಗೂ ಅವಳು ಜೇನು ಸುರಿಯುವ ದನಿಯಲ್ಲಿ ಒಂದೇ ಮಾತು ಹೇಳುತ್ತಿದ್ದಳು: "ಮಂಗಳವಾರ ನಮ್ಮ ಹುಡುಗರು ಬರ್ತಾರೆ ಬೇಬಿ, ನೀವು ಯೋಚನೆ ಮಾಡ್ಬೇಡಿ." ಯಾವ ಮಂಗಳವಾರ ಎಂದು ಅವಳು ಹೇಳುತ್ತಿರಲಿಲ್ಲ. ಆ ದನಿಗೆ ಸಮಾಧಾನಗೊಂಡು ಫೋನ್ ಇಟ್ಟವರಿಗೂ ಕೇಳಲು ನೆನಪಾಗುತ್ತಿರಲಿಲ್ಲ. ಈ ಕೆಲಸದಿಂದ ತನಗೊಂದು ವಿದ್ಯೆ ಒಲಿದಿದೆ ಎಂದು ಲರ್ಲೀನ್ ನಂಬಿದ್ದಳು. ಎದುರಿನವರು ಬಾಯಿ ತೆರೆದರೆ ಅದು ಬರೀ ಮಂಗಳವಾರದ ಮಾತೋ, ನಿಜದ ಮಾತೋ ತನಗೆ ಗೊತ್ತಾಗಿಬಿಡುತ್ತದೆ ಎಂದು.

ಗಂಡ ಆಲ್ಸೀಡ್ ಬ್ರೆಡ್ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದ. ನಸುಕಿನಲ್ಲೇ ಎದ್ದು ಹೋಗುವವನಾದ್ದರಿಂದ ಮನೆಯಲ್ಲಿ ಎಚ್ಚರವಾಗಿದ್ದಾಗಲೂ ಅರ್ಧ ನಿದ್ದೆಯಲ್ಲೇ ಇರುತ್ತಿದ್ದ. ಲರ್ಲೀನಳ ತಾಯಿ ಝೆನೋಬಿಯಾ ಅವರ ಜೊತೆಯಲ್ಲೇ ಇದ್ದಳು. ಇನ್ನು ಮಗಳು ಸೆಲೆಸ್ಟೀನ್, ಎಲ್ಲರ ಬಾಯಲ್ಲಿ ಟೀನಿ. ಆ ಮಗು ಬೆಳಗ್ಗೆ ಕಣ್ಣು ಬಿಡುವ ಮೊದಲು ಬಾಯಿ ಬಿಡುತ್ತಿತ್ತು. ಹಲ್ಲುಜ್ಜುವಾಗಲೂ ಮಾತು. ಬಾಯಿ ತುಂಬ ನೊರೆ ಇದ್ದಾಗ ಆಡಿದ್ದು ಯಾರಿಗೂ ತಿಳಿಯದಿದ್ದರೆ ಮುಕ್ಕಳಿಸಿ ಮತ್ತೆ ಮೊದಲಿನಿಂದ ಹೇಳುತ್ತಿತ್ತು.

ಟೀನಿಗೆ ಶಾಲೆಗೆ ಹೋಗುವ ವಯಸ್ಸಾಯಿತು. ಆಗ ಶುರುವಾಯಿತು ಪಡಿಪಾಟಲು.

ಝೆನೋಬಿಯಾಳ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಮನೆಯ ಹತ್ತಿರ ಒಂದು ಸರ್ಕಾರಿ ಶಾಲೆ, ಮಗುವಿನ ಮುಖ ತೊಳೆಸಿ ಅಲ್ಲಿಗೆ ಅಟ್ಟಿದರೆ ಆಯಿತು. ಆ ದೊಡ್ಡ ಬಿರುಗಾಳಿ ಬಂದು ಊರೆಲ್ಲ ಮುಳುಗಿ ಎದ್ದ ಮೇಲೆ ಶಾಲೆಗಳನ್ನು ಒಂದೊಂದಾಗಿ ಚಾರ್ಟರ್ ಮಂಡಳಿಗಳ ಕೈಗೆ ಕೊಟ್ಟರು. ದುಡ್ಡು ಸರ್ಕಾರದ್ದು, ಕಾರುಬಾರು ಮಂಡಳಿಯದ್ದು. ಫೀಸಿಲ್ಲ, ಯಾರು ಎಲ್ಲಿಗೆ ಬೇಕಾದರೂ ಅರ್ಜಿ ಹಾಕಬಹುದು. ಮೆಚ್ಚಿದ ಶಾಲೆಗಳನ್ನು ತಾಯಿತಂದೆ ಸಾಲಾಗಿ ಬರೆದುಕೊಡಬೇಕು, ಕಂಪ್ಯೂಟರು ಚೀಟಿ ಎತ್ತಿ ಒಂದನ್ನು ದಯಪಾಲಿಸುತ್ತದೆ. ಫಲಿತಾಂಶ ಕೆಟ್ಟರೆ ಸರ್ಕಾರ ಶಾಲೆಯನ್ನೇ ಮುಚ್ಚಿ ಬೇರೆ ಮಂಡಳಿಗೆ ಕೊಡುತ್ತದೆ. ಆಗ ಹೆಸರು ಬದಲು, ಸಮವಸ್ತ್ರ ಬದಲು, ಗೋಡೆಯ ಬಣ್ಣ ಬದಲು. ಅದೇ ಮಕ್ಕಳು ಅದೇ ಬೆಂಚಿನಲ್ಲಿ ಕೂತು ತಾವು ಹೊಸಬರು ಎಂದು ಉರುಹೊಡೆಯಬೇಕು.

ಝೆನೋಬಿಯಾ ಆ ಹಳೆಯ ಸರ್ಕಾರಿ ಶಾಲೆಗಳಲ್ಲೊಂದರಲ್ಲಿ ಒಂದನೆಯ ತರಗತಿಯ ಟೀಚರಾಗಿ ಕೂದಲು ನರೆಸಿಕೊಂಡವಳು. ಬಿರುಗಾಳಿಯ ವರ್ಷ ಹ್ಯೂಸ್ಟನ್ನಿನ ನೆಂಟರ ಮನೆಯ ಸೋಫಾದ ಮೇಲೆ ಮಲಗಿದ್ದಾಗ, ಊರಿನ ಎಲ್ಲ ಟೀಚರುಗಳ ಜೊತೆ ತನ್ನ ಕೆಲಸವೂ ಹೋಯಿತೆಂದು ಟೀವಿಯಲ್ಲಿ ಕೇಳಿದಳು. ಅಂದಿನಿಂದ ಯಾವ ಶಾಲೆಯ ಹೊಸಿಲನ್ನೂ ತುಳಿದಿರಲಿಲ್ಲ. ಅವಳ ಪಾಲಿಗೆ ಊರಿನ ಎಲ್ಲ ಶಾಲೆಗಳೂ "ಕಂಪನಿ ಶಾಲೆ".

ನವೆಂಬರಿನ ಮೊದಲ ದಿನ, ಹಿರಿಯರ ಗೋರಿಗಳಿಗೆ ಸುಣ್ಣ ಬಳಿದು ಹೂವಿಡಲು ಬಳಗವೆಲ್ಲ ಸ್ಮಶಾನದಲ್ಲಿ ಸೇರಿತ್ತು. ಸತ್ತವರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಮಾತೆಲ್ಲ ಶಾಲೆಯದೇ. ಲರ್ಲೀನಳ ದೊಡ್ಡಪ್ಪನ ಮಗಳು ಇವೊನೆಟ್ ಸುಣ್ಣದ ಬ್ರಶ್ಶನ್ನು ಬೀಸಣಿಗೆಯಂತೆ ಆಡಿಸುತ್ತ ಬಂದಳು. ಅವಳ ಮಗನಿಗೆ ಫ್ರೆಂಚಿನಲ್ಲಿ ಪಾಠ ಹೇಳುವ ಶಾಲೆ ಸಿಕ್ಕಿತ್ತು.

"ಈಗ ನಾಯಿಗೂ ಬಾನ್‌ಜೂರ್ ಅಂತಾನೆ ಕಣೆ. ನಾವು ಮನೇಲಿ ಏನಾದ್ರೂ ಮಾತಾಡಿದ್ರೆ ನಮ್ಮನ್ನೇ ತಿದ್ದುತಾನೆ. ಟೀನೀನ ಎಲ್ಲಿಗೆ ಹಾಕ್ತಿದೀಯ?"

"ನೋಡ್ತಿದೀನಿ," ಎಂದಳು ಲರ್ಲೀನ್.

"ಇನ್ನೂ ನೋಡ್ತಿದೀಯ? ಅಯ್ಯೋ, ನಾನು ಬಸುರಿಯಾಗಿದ್ದಾಗಲೇ ನೋಡಿ ಮುಗಿಸಿದ್ದೆ!"

ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಕೂತಿದ್ದ ಝೆನೋಬಿಯಾ ತಲೆ ಎತ್ತಲಿಲ್ಲ. "ನಿನ್ನ ನಾಯಿ ಏನಂತ ಉತ್ತರ ಕೊಡುತ್ತೆ ಇವೊನೆಟ್? ಅದಕ್ಕೂ ಪರೀಕ್ಷೆ ಇದೆಯಾ?"

ಇವೊನೆಟ್ ನಕ್ಕು ಮುಂದಿನ ಗೋರಿಗೆ ಹೋದಳು. ಲರ್ಲೀನಳಿಗೆ ಮಾತ್ರ ಹೊಟ್ಟೆಯಲ್ಲಿ ಕಿಚ್ಚು. ಊರಿಗೆಲ್ಲ ತೀರ್ಪು ಕೊಡುವ ತಾನು ಮಗಳ ಶಾಲೆಯ ವಿಷಯದಲ್ಲಿ ಇವೊನೆಟ್‌ಗಿಂತ ಹಿಂದೆ ಬೀಳುವುದೆ? ಅಂದೇ ಮೂರು ಶಾಲೆಗಳನ್ನು ಗೊತ್ತುಮಾಡಿಕೊಂಡಳು. ಕಣ್ಣಾರೆ ನೋಡಿಯೇ ನಿರ್ಧರಿಸುವುದು, ಹೋದಲ್ಲೆಲ್ಲ ಟೀನಿಯನ್ನೂ ಕರೆದೊಯ್ಯುವುದು ಎಂದಾಯಿತು.

ಮೊದಲನೆಯದು ಪೆಲಿಕನ್ ಅಸೆಂಟ್ ಅಕಾಡೆಮಿ. ಸರ್ಕಾರ ಶಾಲೆಗಳಿಗೆ ಕೊಡುವ ಅಕ್ಷರಗಳಲ್ಲಿ ಅದಕ್ಕೆ 'ಎ' ಬಂದಿತ್ತು. ಆ 'ಎ' ಅಕ್ಷರವನ್ನು ಕಾರು ನಿಲ್ಲಿಸುವ ಜಾಗದಿಂದ ಹಿಡಿದು ಶೌಚಾಲಯದ ಬಾಗಿಲವರೆಗೆ ಎಲ್ಲೆಲ್ಲೂ ಅಂಟಿಸಿದ್ದರು. ಪ್ರಿನ್ಸಿಪಾಲ್ ಮಿಸ್ಟರ್ ಪ್ರೆಸ್ಕಾಟ್ ಉತ್ತರದ ಯಾವುದೋ ಊರಿನಿಂದ ಬಂದ ತರುಣ. ನಮ್ಮೂರ ಸೆಕೆಯಲ್ಲೂ ತೋಳಿಲ್ಲದ ಉಣ್ಣೆಯ ಕೋಟು ಹಾಕಿದ್ದ. ಅವನ ಮುಖ ನೋಡಿದರೆ ಅಮ್ಮ ಇಸ್ತ್ರಿ ಮಾಡಿ ಕಳಿಸಿದ ಹಾಗಿತ್ತು.

"ನಮ್ಮಲ್ಲಿ ಮಕ್ಕಳು ಅನ್ನಲ್ಲ ಮಿಸೆಸ್ ಗಿಲ್ಲೋರಿ, ವಿದ್ವಾಂಸರು ಅಂತೀವಿ," ಎಂದ.

ಅಷ್ಟರಲ್ಲಿ ವಿದ್ವಾಂಸರ ಒಂದು ಸಾಲು ಎದುರಿನಿಂದ ಬಂತು. ಎಲ್ಲ ಐದಾರು ವರ್ಷದವರು. ನೆಲಕ್ಕೆ ಅಂಟಿಸಿದ ನೀಲಿ ಪಟ್ಟಿಯ ಮೇಲೆ ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದರು. ಕೈಗಳು ಬೆನ್ನ ಹಿಂದೆ ಕೂಡಿದ್ದವು, ಕೆನ್ನೆಗಳು ಗಾಳಿ ತುಂಬಿ ಉಬ್ಬಿದ್ದವು. ಒಂದು ಪಿಸುಮಾತಿಲ್ಲ.

ಟೀನಿ ಅವರನ್ನು ನೋಡಿ ನಿಂತಳು. "ಅಮ್ಮ, ಎಲ್ರಿಗೂ ಒಟ್ಟಿಗೇ ಹಲ್ಲುನೋವು ಬಂದಿದ್ಯಾ?"

ಪ್ರಿನ್ಸಿಪಾಲ್ ಮುಗುಳ್ನಕ್ಕ. "ಬಾಯಲ್ಲಿ ಗಾಳಿಗುಳ್ಳೆ, ಬೆನ್ನಲ್ಲಿ ಬಾಲ. ಬಾಯಲ್ಲಿ ಗುಳ್ಳೆ ಹಿಡಕೊಂಡ್ರೆ ಮಾತು ಹೊರಗೆ ಬರಲ್ಲ. ಕೈ ಬಾಲದ ಹಾಗೆ ಹಿಂದಿದ್ರೆ ಪಕ್ಕದವರನ್ನ ಮುಟ್ಟಕ್ಕಾಗಲ್ಲ. ತರಗತಿಯಿಂದ ತರಗತಿಗೆ ಹೋಗೋವಾಗ ಎಷ್ಟು ಕಲಿಕೆಯ ಸಮಯ ಉಳಿಯುತ್ತೆ ಗೊತ್ತಾ?"

"ಉಳಿದ ಸಮಯದಲ್ಲಿ ಏನ್ಮಾಡ್ತಾರೆ?" ಎಂದು ಟೀನಿ ಕೇಳಿದಳು.

"ಪರೀಕ್ಷೆಗೆ ತಯಾರಿ," ಎಂದ ಪ್ರಿನ್ಸಿಪಾಲ್, ಸಿಹಿ ಹಂಚುವವನ ಖುಷಿಯಲ್ಲಿ.

ಪ್ರತಿ ತರಗತಿಗೂ ಅಲ್ಲಿನ ಮಕ್ಕಳು ಮುಂದೆ ಯಾವ ವರ್ಷ ಕಾಲೇಜು ಮುಗಿಸುತ್ತಾರೋ ಆ ವರ್ಷದ ಹೆಸರಿಟ್ಟಿದ್ದರು. ಹಾಲುಹಲ್ಲು ಬಿದ್ದಿರದವರ ಬಾಗಿಲ ಮೇಲೆ ಪದವೀಧರರು ಎಂಬ ಫಲಕ. ಗೋಡೆಯ ಮೇಲೆ ಪ್ರತಿ ಮಗುವಿನ ಹೆಸರಿನ ಮುಂದೆ ಹಸಿರು, ಹಳದಿ, ಕೆಂಪು ಚುಕ್ಕೆಗಳು. ಪ್ರಿನ್ಸಿಪಾಲ್ ಮಾತಾಡುತ್ತಲೇ ಇದ್ದ. ನಿಮ್ಮ ಮಗಳು ಎರಡನೆಯ ತರಗತಿಗೆ ಬರುವಷ್ಟರಲ್ಲಿ ನಾಲ್ಕನೆಯದರ ಪುಸ್ತಕ ಓದುತ್ತಾಳೆ, ಅದರ ಹೊಣೆ ನಮ್ಮದು, ನೀವು ಯೋಚನೆ ಮಾಡಬೇಡಿ. ಆ 'ಯೋಚನೆ ಮಾಡಬೇಡಿ' ಕೇಳಿದಾಗ ಲರ್ಲೀನಳ ಕಿವಿ ನೆಟ್ಟಗಾಯಿತು. ಇದು ಅಪ್ಪಟ ಮಂಗಳವಾರದ ದನಿ. ಆದರೂ ಆ 'ಎ' ಅಕ್ಷರ ಅವಳ ಕಣ್ಣನ್ನು ಬಿಡಲೊಲ್ಲದು. ಎಷ್ಟಾದರೂ ಶಿಸ್ತಲ್ಲವೆ, ಶಿಸ್ತು ಬೇಡವೆನ್ನುವವರುಂಟೆ ಎಂದು ತನ್ನ ಕಿವಿಗೆ ತಾನೇ ಬುದ್ಧಿ ಹೇಳಿಕೊಂಡಳು.

ಎರಡನೆಯದು ಸೈಪ್ರೆಸ್ ಕಾಮನ್ ಎಂಬ ಶಾಲೆ. ಅಲ್ಲಿ ಗಂಟೆಯಿಲ್ಲ, ಸಾಲಿಲ್ಲ. ಟೀಚರುಗಳನ್ನು ಮಕ್ಕಳು ಹೆಸರು ಹಿಡಿದೇ ಕರೆಯುತ್ತಿದ್ದರು. ಕೋಳಿಗಳು ಮಾತ್ರ ಒಂದಿಷ್ಟು ಶಿಸ್ತಿನಿಂದ ಓಡಾಡುತ್ತಿದ್ದವು. ಶಾಲೆ ತೋರಿಸಲು ಬಂದವಳು ಮೆರಿಡಿತ್ ಎಂಬ ಒಬ್ಬ ತಾಯಿ. ಹಸುಗೂಸನ್ನು ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಂಡು, ಲರ್ಲೀನಳನ್ನು ಅಡಿಯಿಂದ ಮುಡಿಯವರೆಗೆ ಪ್ರೀತಿಯಿಂದ ಅಳೆದಳು. ಶಾಲೆಯನ್ನು ಪರೀಕ್ಷಿಸಲು ಬಂದವಳಿಗೆ ಪರೀಕ್ಷೆ ನಡೆಯುತ್ತಿರುವುದು ತನ್ನದೇ ಎಂದು ತಿಳಿಯಲು ತಡವಾಗಲಿಲ್ಲ.

"ನಮ್ಮಲ್ಲಿ ಅಂಕ ಇಲ್ಲ. ಶಿಕ್ಷೆ ಇಲ್ಲ. ಸಂವಾದ ಇದೆ," ಎಂದಳು ಮೆರಿಡಿತ್.

ಸಂವಾದ ಆಗಲೇ ತೋಟದಲ್ಲಿ ನಡೆಯುತ್ತಿತ್ತು. ಇಬ್ಬರು ಹುಡುಗರು ಒಂದೇ ಸಲಿಕೆಗೆ ಜಗಳ ಆಡಿದ್ದರು. ಅವರನ್ನು ಹುಲ್ಲಿನ ಮೇಲೆ ಕೂರಿಸಿ, ಸಲಿಕೆ ಸಿಗದಿದ್ದಾಗ ನಿನ್ನ ಎದೆಯ ಯಾವ ಭಾಗದಲ್ಲಿ ನೋವಾಯಿತು ಎಂದು ಟೀಚರು ಒಬ್ಬೊಬ್ಬರನ್ನಾಗಿ ವಿಚಾರಿಸುತ್ತಿದ್ದ. ಅವರು ಎದೆ ಮುಟ್ಟಿ ತೋರಿಸುತ್ತಿರುವಾಗಲೇ ಮೂರನೆಯ ಹುಡುಗಿಯೊಬ್ಬಳು ಸಲಿಕೆ ಎತ್ತಿಕೊಂಡು ಹೋದಳು.

ಮೆರಿಡಿತ್ ಗೊಬ್ಬರದ ಪೆಟ್ಟಿಗೆಯಿಂದ ಎರೆಹುಳುವೊಂದನ್ನು ತೆಗೆದು ಟೀನಿಯ ಅಂಗೈಯಲ್ಲಿಟ್ಟಳು. "ಎಲ್ಲ ಜೀವವನ್ನೂ ಗೌರವಿಸೋದು ನಮ್ಮ ಮೊದಲನೇ ಪಾಠ."

ಇವೊನೆಟ್ ಕೂಡ ಈ ಶಾಲೆಗೆ ಅರ್ಜಿ ಹಾಕಿ ಸೋತವಳೆಂದು ಲರ್ಲೀನಳಿಗೆ ಗೊತ್ತಿತ್ತು. "ನಮ್ಮನೇಲೂ ಅಷ್ಟೇ," ಎಂದಳು, "ಹುಳ ಅಂದ್ರೆ ನಮಗೆ ತುಂಬಾ ಗೌರವ."

ಟೀನಿ ಹುಳುವಿನಿಂದ ಕಣ್ಣೆತ್ತಿ ತಾಯಿಯನ್ನು ನೋಡಿದಳು. "ಮತ್ತೆ ಮೊನ್ನೆ ಜಿರಳೇನ ಚಪ್ಪಲೀಲಿ ಹೊಡೆದು, ಸತ್ತ ಮೇಲೂ ಬೈತಿದ್ದೆಯಲ್ಲ?"

ಮೆರಿಡಿತ್ ಮಗುವಿನ ಬೆನ್ನು ತಟ್ಟಿ, ನಮ್ಮಲ್ಲಿ ಸೀಟಿಗಿಂತ ಕಾಯುವವರೇ ಜಾಸ್ತಿ ಎಂದು ಮೃದುವಾಗಿ ಹೇಳಿದಳು. ಲರ್ಲೀನ್ ಮಗಳನ್ನು ಕರೆದುಕೊಂಡು ಕಾರು ಹತ್ತಿದಳು. ಆ ಶಾಲೆ ತಮಗಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಅದಕ್ಕೇ ಅದು ಇನ್ನಷ್ಟು ಬೇಕೆನಿಸಿತ್ತು.

ಮೂರನೆಯ ಶಾಲೆಗೆ ಹೋಗುವ ಮನಸ್ಸೇ ಇರಲಿಲ್ಲ. ಅದು ಆರ್ಥೆಮೀಸ್ ಡಾರ್ಸಿ ಶಾಲೆ, ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಝೆನೋಬಿಯಾ ದುಡಿದ ಹಳೆಯ ಶಾಲೆಯೇ. ಬಡಾವಣೆಯ ಕೆಲವರು ಸೇರಿ ಮಂಡಳಿ ಕಟ್ಟಿಕೊಂಡು ಹಳೆಯ ಹೆಸರಿನಲ್ಲೇ ನಡೆಸುತ್ತಿದ್ದರು. ಸರ್ಕಾರ ಕೊಟ್ಟ ಅಕ್ಷರ 'ಡಿ'. ಮಂಡಿನೋವಿನ ತಾಯಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದ ದಿನ, ದಾರಿಯಲ್ಲೇ ಇದೆಯಲ್ಲ ಎಂದು ಲರ್ಲೀನ್ ಕಾರು ನಿಲ್ಲಿಸಿದಳು.

"ಬರ್ತೀಯಾ ಅಮ್ಮ?"

"ನಾನು ಕಾರಲ್ಲೇ ಇರ್ತೀನಿ."

"ಒಳಗೆ ತಂಪಾಗಿರುತ್ತೆ."

"ನನಗೆ ಇಲ್ಲೇ ತಂಪಾಗಿದೆ," ಎಂದು ಝೆನೋಬಿಯಾ ಬೆವರು ಒರೆಸಿಕೊಳ್ಳುತ್ತ ಕಿಟಕಿಯ ಗಾಜು ಏರಿಸಿದಳು.

ಕಚೇರಿಯಲ್ಲಿ ಆರ್ಮಂಟೀನ್ ಎಂಬ ಗುಮಾಸ್ತೆ ಮಾತ್ರ ಇದ್ದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮೂಗಿನಿಂದ ರಕ್ತ ಸುರಿಸುತ್ತಿದ್ದ ಹುಡುಗನ ತಲೆ. "ಪ್ರಿನ್ಸಿಪಾಲ್ ಇಲ್ಲ ಬೇಬಿ, ಬಸ್ ಓಡಿಸಕ್ಕೆ ಹೋಗಿದಾರೆ. ಡ್ರೈವರ್ ಬಂದಿಲ್ಲ. ನೀವೇ ಒಳಗೆ ಹೋಗಿ ನೋಡ್ಕೊಳಿ, ಅಡಗಿಸಿಡೋಕೆ ನಮ್ಮ ಹತ್ರ ಏನಿದೆ?" ಆಮೇಲೆ ಕಿಟಕಿಯಾಚೆ ಕಣ್ಣು ಹಾಯಿಸಿ ಅರ್ಧ ಎದ್ದಳು. "ಕಾರಲ್ಲಿರೋದು ಮಿಸ್ ಝೆನೋಬಿಯಾ ಅಲ್ವಾ? ನನಗೆ ಓದೋದು ಕಲಿಸಿದ್ದೇ ಅವ್ರು!"

ಹುಡುಗನ ಮೂಗನ್ನು ಅವನ ಕೈಗೇ ಕೊಟ್ಟು ಆರ್ಮಂಟೀನ್ ಹೊರಗೋಡಿದಳು. ಕಾರಿನ ಗಾಜು ತಟ್ಟಿದಳು. ಝೆನೋಬಿಯಾ ನೇರ ಮುಂದಕ್ಕೆ ನೋಡುತ್ತ ಕೂತಿದ್ದಳೇ ಹೊರತು ಗಾಜು ಇಳಿಸಲಿಲ್ಲ. ಆರ್ಮಂಟೀನ್ ಅಲ್ಲೇ ಸ್ವಲ್ಪ ಹೊತ್ತು ನಿಂತು, ಗಾಜಿಗೆ ಅಂಗೈ ಒತ್ತಿ, ತಿರುಗಿ ಬಂದಳು.

ಲರ್ಲೀನ್ ನೋಡಿದ್ದು ಮೊದಲು ಚಾವಣಿಯನ್ನು. ಪಡಸಾಲೆಯ ಮೂಲೆಯಲ್ಲಿ ನೀರಿಳಿದು ದೊಡ್ಡ ಕಂದು ಕಲೆ ಬಿದ್ದಿತ್ತು, ಕೆಳಗೆ ಒಂದು ಬಕೆಟ್ಟು. ಲರ್ಲೀನಳ ಮೂಗು ಎಡಕ್ಕೆ ತಿರುಗುತ್ತಿತ್ತು. ಆಗಲೇ ಟೀನಿ ಪಕ್ಕದಲ್ಲಿಲ್ಲ ಎಂಬುದು ಗಮನಕ್ಕೆ ಬಂತು.

ಗಾಬರಿಯಿಂದ ಬಾಗಿಲು ಬಾಗಿಲಿಗೆ ಇಣುಕಿದಳು. ಮೂರನೆಯ ಕೋಣೆಯಲ್ಲಿ ಚಿಕ್ಕ ಮಕ್ಕಳೆಲ್ಲ ನೆಲದ ಮೇಲೆ ಕೂತಿದ್ದರು, ನಡುವೆ ಟೀನಿ ನಿಂತಿದ್ದಳು. ತನ್ನ ಅಪ್ಪನ ಚಿಕ್ಕಪ್ಪ ಮೊಸಳೆಯೊಂದರ ಬಾಯಿಂದ ತನ್ನದೇ ಟೊಪ್ಪಿಯನ್ನು ಹೇಗೆ ಕಿತ್ತುಕೊಂಡ ಎಂಬ ಕಥೆ ಹೇಳುತ್ತಿದ್ದಳು. ಕಥೆಯಲ್ಲಿ ಮೊಸಳೆಯೂ ಮಾತಾಡುತ್ತಿತ್ತು, ಟೊಪ್ಪಿಯೂ ಮಾತಾಡುತ್ತಿತ್ತು. ಮಿಸ್ಟರ್ ಓನೊರೆ ಎಂಬ ಆಜಾನುಬಾಹು ಟೀಚರು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿಯನ್ನು ಗದ್ದಕ್ಕೆ ಮುಟ್ಟಿಸಿಕೊಂಡು ಕೂತು, "ಆಮೇಲೆ?" ಎನ್ನುತ್ತಿದ್ದ. ಟೀನಿ ಹೇಳಿದ ಮಾತುಗಳನ್ನು ಕೂತಲ್ಲೇ ಕೈಚಾಚಿ ಪಕ್ಕದ ಬೋರ್ಡಿನ ಮೇಲೆ ಬರೆಯುತ್ತಿದ್ದ. ಮಕ್ಕಳು ಅವನ್ನು ಒಟ್ಟಾಗಿ ಓದುತ್ತಿದ್ದರು. 'ಮೊಸಳೆ' ಎಂಬ ಪದ ಬಂದಾಗ ಚಾವಣಿಯ ಉಳಿದ ಭಾಗವೂ ಬೀಳುವ ಹಾಗೆ ಕಿರುಚುತ್ತಿದ್ದರು.

"ನಿಮ್ಮ ಮಗಳಾ?" ಎಂದ ಓನೊರೆ ಕೂತಲ್ಲಿಂದಲೇ. "ಇನ್ನೊಂದು ಚೂರು ಇರ್ಲಿ. ಟೊಪ್ಪಿ ಏನಾಯ್ತು ಅಂತ ಗೊತ್ತಾಗ್ಬೇಕು ನನಗೆ."

ಲರ್ಲೀನ್ ಬಾಗಿಲಲ್ಲೇ ನಿಂತಳು. ಹೊರಗೆ ಬಂದಾಗ ಅವಳಿಗೆ ಏನೋ ಒಂಥರಾ ಹಿತವಾಗಿತ್ತು. ಹಿತವಾದದ್ದಕ್ಕೇ ಅನುಮಾನವೂ ಆಯಿತು. ಇಷ್ಟು ಸುಲಭಕ್ಕೆ, ಇಷ್ಟು ಹತ್ತಿರದಲ್ಲಿ, ಯಾರಿಗೂ ಬೇಡವಾದದ್ದು ಒಳ್ಳೆಯದಿರಲು ಸಾಧ್ಯವೆ?

ಸೋಮವಾರ ರಾತ್ರಿ ಕೆಂಪು ಬೀನ್ಸ್ ಕಾಳೂ ಅನ್ನವೂ ತಟ್ಟೆಯಲ್ಲಿದ್ದಾಗ ಚರ್ಚೆ ಎದ್ದಿತು.

"ಡಾರ್ಸಿ ಹತ್ರ ಇದೆ. ಟೀನಿಗೆ ಇಷ್ಟ ಆಯ್ತು," ಎಂದ ಆಲ್ಸೀಡ್, ಅವನ ಮಟ್ಟಿಗೆ ದೊಡ್ಡ ಭಾಷಣ.

"ಅದು 'ಡಿ' ಶಾಲೆ ಕಣೋ."

"ಬ್ರೆಡ್ಡಿಗೂ ಅಕ್ಷರ ಕೊಡ್ತಾರೆ. ನಾನು ತಿಂದು ನೋಡ್ತೀನಿ."

"ಮಗು ಬ್ರೆಡ್ಡಲ್ಲ. ಇವೊನೆಟ್ ಮುಂದೆ ಹೋಗಿ 'ಡಿ' ಅನ್ನಲಾ?"

ಝೆನೋಬಿಯಾ ಚಮಚ ಕೆಳಗಿಟ್ಟಳು. "ಹಾಗಾದ್ರೆ ಶಾಲೆ ಇವೊನೆಟ್‌ಗೆ ಹುಡುಕ್ತಿದೀಯ. ಮೊದಲೇ ಹೇಳಬಾರದಾ, ನಾವು ಸುಮ್ಮನೆ ಟೀನಿ ವಿಷಯ ಅಂದ್ಕೊಂಡಿದ್ವಿ."

"ನಿನಗೆ ಯಾವ ಶಾಲೇನೂ ಆಗಲ್ಲ ಅಮ್ಮ, ನಿನ್ನ ಹತ್ರ ಏನು ಕೇಳೋದು!"

"ಕೇಳ್ಬೇಡ ಮತ್ತೆ," ಎಂದು ಮುದುಕಿ ಮತ್ತೆ ಚಮಚ ಎತ್ತಿಕೊಂಡಳು.

ಲರ್ಲೀನ್ ಸೈಪ್ರೆಸ್ ಮೊದಲು, ಪೆಲಿಕನ್ ಎರಡನೆಯದು, ಡಾರ್ಸಿ ಕೊನೆಯದು ಎಂದು ಬರೆದು ಕಳಿಸಿದಳು. ವಸಂತದಲ್ಲಿ ಕಂಪ್ಯೂಟರು ತೀರ್ಪು ಕೊಟ್ಟಿತು. ಸೈಪ್ರೆಸ್ಸಿನಲ್ಲಿ ಕಾಯುವವರ ಸಾಲು ಎಷ್ಟು ಉದ್ದವಿತ್ತೆಂದರೆ ಟೀನಿಯ ಸರದಿ ಬರುವ ಹೊತ್ತಿಗೆ ಅವಳ ಮೊಮ್ಮಕ್ಕಳು ಅರ್ಜಿ ಹಾಕಬಹುದಿತ್ತು. ಪೆಲಿಕನ್ ಸಿಕ್ಕಿತು. ಬಳಗದವರೆಲ್ಲ ಸಿಗಡಿ ಬೇಯಿಸಿ ಸೇರಿದ ದಿನ ಲರ್ಲೀನ್ 'ಎ' ಎಂಬ ಅಕ್ಷರವನ್ನು ಎಷ್ಟು ಸಲ ಉಚ್ಚರಿಸಿದಳೆಂದರೆ ಅವಳಿಗೆ ಬಿಕ್ಕಳಿಕೆ ಬಂದಿದೆಯೆಂದು ಯಾರೋ ನೀರು ತಂದುಕೊಟ್ಟರು.

ಆಗಸ್ಟಿನ ಬೇಗೆಯಲ್ಲಿ ಶಾಲೆ ಶುರುವಾಯಿತು. ಮೊದಲ ವಾರ ಟೀನಿಯ ಹೆಸರಿನ ಮುಂದೆ ಕೆಂಪು ಚುಕ್ಕೆ. ಎರಡನೆಯ ವಾರವೂ ಕೆಂಪು. ಸಾಲಿನಲ್ಲಿ ಮಾತಾಡಿದಳು, ಊಟದಲ್ಲಿ ಮಾತಾಡಿದಳು, ಮಾತಾಡಬಾರದೇಕೆ ಎಂದು ಕೇಳಿ ಮಾತಾಡಿದಳು. ಶಾಲೆಯಿಂದ ದಿನವೂ ಫೋನು. ಲರ್ಲೀನ್ ಮನೆಯಲ್ಲೂ ಅಭ್ಯಾಸ ಮಾಡಿಸತೊಡಗಿದಳು. ಅಡುಗೆಮನೆಯ ನೆಲಕ್ಕೆ ತಾನೇ ನೀಲಿ ಪಟ್ಟಿ ಅಂಟಿಸಿದಳು. ಆಲ್ಸೀಡ್ ನಿದ್ದೆಗಣ್ಣಿನಲ್ಲಿ ಅದನ್ನು ದಾಟಿ ಬಂದರೆ "ಪಟ್ಟಿ ಮೇಲೆ ನಡಿ" ಎಂದು ಗದರುತ್ತಿದ್ದಳು. ಕಚೇರಿಯಲ್ಲಿ ಗೆಳತಿಯರು ಮಗಳು ಹೇಗಿದ್ದಾಳೆಂದು ಕೇಳಿದರೆ, "ಸ್ವಯಂ ನಿಯಂತ್ರಣದಲ್ಲಿ ಬೆಳವಣಿಗೆ ಕಾಣಿಸ್ತಿದೆ," ಎಂದು ಪ್ರೆಸ್ಕಾಟನ ಮಾತನ್ನೇ ಒಪ್ಪಿಸುತ್ತಿದ್ದಳು.

ಬೆಳವಣಿಗೆ ಕಂಡಿತು. ಚುಕ್ಕೆ ಹಳದಿಯಾಯಿತು, ಆಮೇಲೆ ಹಸಿರು. ಫೋನು ನಿಂತಿತು. ಮನೆಯಲ್ಲೂ ಸದ್ದು ಕಡಿಮೆಯಾಯಿತು. ಲರ್ಲೀನ್ ಅದನ್ನು ನೆಮ್ಮದಿ ಎಂದುಕೊಂಡಳು.

ಒಂದು ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ಆಲ್ಸೀಡ್‌ನ ಚಿಕ್ಕಪ್ಪನೂ ಬಂದಿದ್ದ, ಮೊಸಳೆಯ ಕಥೆಯ ಅದೇ ಚಿಕ್ಕಪ್ಪ. "ಬಾರೆ ಟೀನಿ, ಆ ಟೊಪ್ಪಿ ಕಥೆ ಹೇಳು. ನೀನು ಹೇಳಿದ್ರೆ ನನಗೇ ಅದು ನಿಜ ಅನ್ಸುತ್ತೆ," ಎಂದ.

ಟೀನಿ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡಳು. ಕೆನ್ನೆ ಉಬ್ಬಿಸಿದಳು. ತಾಯಿಯ ಕಡೆ ನೋಡಿದಳು, ಸರಿಯಾಯಿತೇ ಎನ್ನುವಂತೆ.

"ಹೇಳೆ ಚಿನ್ನ," ಎಂದಳು ಝೆನೋಬಿಯಾ.

ಟೀನಿ ಕೆನ್ನೆಯ ಗಾಳಿಯನ್ನು ಮೆಲ್ಲಗೆ ಬಿಟ್ಟು, ಯಾರಿಗೂ ತೊಂದರೆಯಾಗದಷ್ಟು ಸಣ್ಣಗೆ ಹೇಳಿದಳು: "ಅಜ್ಜಿ, ಊಟದಲ್ಲಿ ಧ್ವನಿ ಸೊನ್ನೆ. ಮಾತಾಡಿದ್ರೆ ಹಸಿರು ಹೋಗುತ್ತೆ."

ಝೆನೋಬಿಯಾ ಕೊಂಕು ಆಡುತ್ತಾಳೆಂದು ಲರ್ಲೀನ್ ಕಾದಳು. ಆಡಿದ್ದರೆ ಎದುರುತ್ತರ ಕೊಡಬಹುದಿತ್ತು. ಮುದುಕಿ ಕುರ್ಚಿ ಹಿಂದಕ್ಕೆ ಸರಿಸಿದಳು. ಎದ್ದು ಹೋಗಿ ಅಡುಗೆಮನೆಯ ನೆಲದ ಮೇಲೆ ನೋವಿನ ಮಂಡಿಯೂರಿ ಕೂತು, ಉಗುರಿನಿಂದ ಆ ನೀಲಿ ಪಟ್ಟಿಯನ್ನು ಕೀಳತೊಡಗಿದಳು. ಅಂಟು ಗಟ್ಟಿಯಾಗಿತ್ತು. ಆಮೇಲೆ ಲರ್ಲೀನಳೂ ಹೋಗಿ ಇನ್ನೊಂದು ತುದಿಯಿಂದ ಕೀಳಲು ಕೂತಳು. ಅವಳಿಗೆ ಅಳು ಬರುತ್ತಿತ್ತು, ತಾಯಿಗೆ ಕಾಣದಿರಲೆಂದು ತಲೆ ಬಗ್ಗಿಸಿಕೊಂಡೇ ಇದ್ದಳು.

ಮಾರನೆಯ ದಿನ ಅವಳು ಕೆಲಸಕ್ಕೆ ರಜೆ ಹಾಕಿ ಪೆಲಿಕನ್ನಿಗೆ ಹೋದಳು. ಪ್ರೆಸ್ಕಾಟ್ ಸಂಭ್ರಮದಿಂದ ಬರಮಾಡಿಕೊಂಡು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ಪರದೆಯ ಮೇಲೆ ಒಂದು ಗೆರೆ ಎಡಗಡೆಯ ಎತ್ತರದಿಂದ ಬಲಗಡೆಯ ತಳಕ್ಕೆ ಜಾರುತ್ತಿತ್ತು.

"ನೋಡಿ, ಸೆಲೆಸ್ಟೀನಳ ಅನಗತ್ಯ ಮಾತು. ಆಗಸ್ಟಲ್ಲಿ ಎಲ್ಲಿತ್ತು, ಈಗ ಎಲ್ಲಿದೆ! ನಮ್ಮ ಟೀಚರುಗಳ ತರಬೇತೀಲಿ ಇದನ್ನ ಮಾದರಿಯಾಗಿ ತೋರಿಸ್ಬೇಕು ಅಂದ್ಕೊಂಡಿದೀವಿ."

"ಇದರಲ್ಲಿ ಅಗತ್ಯವಾದ ಮಾತು ಯಾವ ಗೆರೆ?" ಎಂದಳು ಲರ್ಲೀನ್.

ಪ್ರೆಸ್ಕಾಟ್ ಪರದೆ ನೋಡಿದ. "ಅದನ್ನ... ನಾವು ಬೇರೆಯಾಗಿ ಅಳೆಯಲ್ಲ."

"ಹಾಗಾದ್ರೆ ಎರಡೂ ಒಟ್ಟಿಗೇ ಇಳಿದಿದೆ. ನಾನು ಮಗಳನ್ನ ಬಿಡಿಸ್ಕೊಂಡು ಹೋಗ್ತೀನಿ."

ಅವನ ಮುಖ ಬಾಡಿತು. ಮೋಸದ ಮನುಷ್ಯನಲ್ಲ ಅವನು. ಬೆಳಗಾಗುವ ಮೊದಲೇ ಶಾಲೆಗೆ ಬಂದು ಕತ್ತಲಾದ ಮೇಲೆ ಹೋಗುತ್ತಿದ್ದ. ಮಕ್ಕಳು ಮುಂದೆ ಬರಬೇಕೆಂದು ನಿಜಕ್ಕೂ ಒದ್ದಾಡುತ್ತಿದ್ದ. "ಮಿಸೆಸ್ ಗಿಲ್ಲೋರಿ, ದಯವಿಟ್ಟು ಯೋಚನೆ ಮಾಡಿ. ಚಿಕ್ಕವನಿದ್ದಾಗ ನಾನೂ ತುಂಬಾ ಮಾತಾಡ್ತಿದ್ದೆ. ಗಮನ ಇಡೋದನ್ನ ಯಾರೂ ಕಲಿಸ್ಲಿಲ್ಲ."

"ಈಗ್ಲೂ ನೀವೇ ಮಾತಾಡ್ತಿದೀರ ಮಿಸ್ಟರ್ ಪ್ರೆಸ್ಕಾಟ್," ಎಂದಳು ಲರ್ಲೀನ್, ದನಿಯಲ್ಲಿ ಒಂದು ಹನಿ ಜೇನೂ ಇಲ್ಲದೆ. "ನಿಮಗೇನೂ ಕೆಟ್ಟದಾಗಿಲ್ಲವಲ್ಲ."

ಡಾರ್ಸಿಯಲ್ಲಿ ಸೀಟಿಗೇನೂ ಕೊರತೆಯಿರಲಿಲ್ಲ. 'ಡಿ' ಶಾಲೆಗೆ ಯಾರು ಕಾಯುತ್ತಾರೆ? ಆರ್ಮಂಟೀನ್ ಕಾಗದಪತ್ರ ಮುಗಿಸಿ ಮಾರನೆಯ ಬೆಳಗ್ಗೆಯೇ ಕಳಿಸಿ ಎಂದಳು. ಮಾರನೆಯ ಬೆಳಗ್ಗೆ ಲರ್ಲೀನ್ ಕಾರಿನ ಬೀಗದಕೈ ಹುಡುಕುತ್ತಿದ್ದಾಗ ಝೆನೋಬಿಯಾ ಚರ್ಚಿಗೆ ಹೋಗುವ ಟೊಪ್ಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನೀನು ಕೆಲಸಕ್ಕೆ ಹೋಗು. ಇವಳನ್ನ ನಾನು ಬಿಡ್ತೀನಿ."

"ಒಳಗೆ ಹೋಗ್ಬೇಕಾಗುತ್ತೆ ಅಮ್ಮ."

"ಬಾಗಿಲಲ್ಲಿ ಎಸೆದು ಬರ್ತಾರಾ ಮಗೂನ?" ಎಂದಳು ಮುದುಕಿ.

ಲರ್ಲೀನ್ ವರಾಂಡದಲ್ಲಿ ನಿಂತು ನೋಡಿದಳು. ಇಬ್ಬರೂ ಬೀದಿಯ ತುದಿಯವರೆಗೆ ನಿಧಾನವಾಗಿ ನಡೆದರು. ಟೀನಿ ಮೊದಲು ಸುಮ್ಮನಿದ್ದಳು, ಓಕ್ ಮರದ ಹತ್ತಿರ ಏನೋ ಕೇಳಿದಳು, ಅಜ್ಜಿ ಬಗ್ಗಿ ಉತ್ತರ ಕೊಟ್ಟಳು. ತಿರುವು ಮುಗಿಯುವಷ್ಟರಲ್ಲಿ ಮಗುವಿನ ಕೈಗಳು ಗಾಳಿಯಲ್ಲಿ ಏನನ್ನೋ ಬರೆಯುತ್ತಿದ್ದವು.

ಮಾತು ಪೂರ್ತಿ ಮರಳಲು ಚಳಿಗಾಲವೆಲ್ಲ ಬೇಕಾಯಿತು. ಮೊದಮೊದಲು ಓನೊರೆ ಕೇಳಿದರೂ ಟೀನಿ ಕೆನ್ನೆ ಉಬ್ಬಿಸುತ್ತಿದ್ದಳಂತೆ. ಅವನೂ ಎದುರಿಗೆ ಕೂತು ಕೆನ್ನೆ ಉಬ್ಬಿಸುತ್ತಿದ್ದನಂತೆ, ಯಾರಿಗೆ ಮೊದಲು ನಗು ಬರುತ್ತದೋ ನೋಡೋಣವೆಂದು. ಹಾಗೆಂದು ಡಾರ್ಸಿ ಸ್ವರ್ಗವೇನೂ ಆಗಿರಲಿಲ್ಲ. ಬಸ್ಸು ಬಾರದ ದಿನಗಳಿದ್ದವು. ಗಣಿತದ ಟೀಚರು ವರ್ಷದ ನಡುವೆ ಕೆಲಸ ಬಿಟ್ಟು ಹೋದಳು. ಮಳೆಗೆ ಪಡಸಾಲೆಯ ಬಕೆಟ್ಟು ಎರಡಾಯಿತು. ಸರ್ಕಾರ ಇನ್ನೊಂದು ಅವಧಿಗೆ ಶಾಲೆ ನಡೆಸಲು ಬಿಡಬೇಕೋ ಮುಚ್ಚಬೇಕೋ ಎಂದು ವಿಚಾರಣೆ ಇಟ್ಟಾಗ ಲರ್ಲೀನ್ ಹೋಗಿ ಮಾತಾಡಿದಳು. ಕೊಟ್ಟ ಹೊತ್ತು ಮುಗಿದು ಮೈಕು ಆರಿದ ಮೇಲೂ ಮಾತಾಡಿದಳು. ಕೊನೆಗೆ 'ಡಿ' ಅಕ್ಷರ 'ಸಿ'ಗೆ ಏರಿತು, ಶಾಲೆ ಸದ್ಯಕ್ಕೆ ಉಳಿಯಿತು. ಅವಳ ಮಾತಿನಿಂದಲೋ, ಪರೀಕ್ಷೆಯಲ್ಲಿ ನಾಲ್ಕು ಮಕ್ಕಳು ಹೆಚ್ಚಿಗೆ ಪಾಸಾದದ್ದರಿಂದಲೋ ಯಾರಿಗೂ ತಿಳಿಯದು. ಲರ್ಲೀನಳಿಗೆ ಮಾತ್ರ ಖಚಿತವಾಗಿ ತಿಳಿದಿತ್ತು, ಅದನ್ನು ಕೇಳಿದವರಿಗೂ ಕೇಳದವರಿಗೂ ತಿಳಿಸಿದಳು.

ಝೆನೋಬಿಯಾ ಈಗ ಗುರುವಾರಗಳಂದು ಡಾರ್ಸಿಗೆ ಹೋಗುತ್ತಾಳೆ, ಓದಲು ತೊಡರುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಾಳೆ. ಬಂದವರೆಲ್ಲ ಎದೆಗೆ ಸಂದರ್ಶಕರ ಚೀಟಿ ಅಂಟಿಸಿಕೊಳ್ಳಬೇಕೆಂಬ ನಿಯಮ ಅಲ್ಲಿದೆ. ಮೊದಲ ಗುರುವಾರ ಆರ್ಮಂಟೀನ್ ಸಂಕೋಚದಿಂದ ಚೀಟಿ ಚಾಚಿದಳಂತೆ. "ನಾನು ಸಂದರ್ಶಕಳಾ?" ಎಂದು ಮುದುಕಿ ಕೇಳಿದ ರೀತಿಗೆ ಆರ್ಮಂಟೀನಳ ಕೈ ಅಲ್ಲೇ ನಿಂತಿತಂತೆ. ಕೊನೆಗೆ ಝೆನೋಬಿಯಾ ಚೀಟಿಯನ್ನು ತೆಗೆದುಕೊಂಡು ತನ್ನ ಕೈಚೀಲಕ್ಕೆ ಅಂಟಿಸಿ, "ಬೇಕಾದ್ರೆ ಇದು ಸಂದರ್ಶಕ, ನಾನಲ್ಲ," ಎಂದು ಒಳಗೆ ನಡೆದಳು.

ಗುರುವಾರ ಸಂಜೆ ಮನೆಗೆ ಬಂದು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಓನೊರೆಯ ತಪ್ಪುಗಳನ್ನೆಲ್ಲ ಹೇಳುತ್ತಾಳೆ. ಅವನು ಸ್ವರಾಕ್ಷರಗಳನ್ನು ಅವಸರದಲ್ಲಿ ಕಲಿಸುತ್ತಾನೆ, ಬೋರ್ಡಿನ ಮೇಲಿನ ಬರಹ ಕೋಳಿ ಕೆದರಿದ ಹಾಗಿದೆ, ಎಷ್ಟಾದರೂ ಕಂಪನಿ ಶಾಲೆಯಲ್ಲವೆ. "ಹಾಗಾದ್ರೆ ಯಾಕೆ ಹೋಗ್ತೀಯ?" ಎಂದು ಲರ್ಲೀನ್ ಕೇಳಿದರೆ ಅವಳು ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಳ್ಳುತ್ತಾಳೆ. ಟೀನಿ ಮಧ್ಯೆ ಬಾಯಿ ಹಾಕಿ ತನ್ನ ಅಭಿಪ್ರಾಯ ಹೇಳತೊಡಗಿರುತ್ತಾಳೆ. ಅದು ಮುಗಿಯುವ ಹೊತ್ತಿಗೆ ಊಟದ ಹೊತ್ತಾಗಿರುತ್ತದೆ.